ಆಕಾಶದ ಕಾವಲಿಗೆ ನೆಲದ ಲೆಕ್ಕ ಬೇಡವೇ?

ಅಶ್ವಿನಿ, ಭರಣಿ, ರೋಹಿಣಿ, ಆರಿದ್ರಾ, ಆಶ್ಲೇಷ. ಯಾದಗಿರಿ, ಶಹಾಪುರ, ಸುರಪುರ ಸೀಮೆಯ ರೈತನಿಗೆ ಇವು ಮಳೆಯ ಹೆಸರುಗಳು. ರೋಹಿಣಿ ಬಂದರೆ ಆತ ಬಿತ್ತನೆಗೆ ಸಜ್ಜಾಗುತ್ತಾನೆ. ಆರಿದ್ರಾ ಕೈಕೊಟ್ಟರೆ ಸಾಲ ಕೊಟ್ಟವನ ಮುಖ ಅವನ ಕಣ್ಣೆದುರು ಬರುತ್ತದೆ. ಆದರೆ ದಿಲ್ಲಿಯ ರಕ್ಷಣಾ ಸಚಿವಾಲಯದ ಕಡತಗಳಲ್ಲಿ ಇದೇ ಹೆಸರುಗಳಿಗೆ ಬೇರೆಯೇ ಅರ್ಥವಿದೆ. ಅಲ್ಲಿ ಅವು ಆಕಾಶವನ್ನು ಕಾಯುವ ರಾಡಾರ್‌ಗಳ ಹೆಸರುಗಳು. ಬೆಂಗಳೂರಿನಲ್ಲಿರುವ ಡಿಆರ್‌ಡಿಒದ ರಾಡಾರ್ ಪ್ರಯೋಗಾಲಯ ಎಲ್‌ಆರ್‌ಡಿಇ ಇವುಗಳನ್ನು ರೂಪಿಸಿತು. 1954ರಲ್ಲಿ ಅದೇ ನಗರದಲ್ಲಿ ಸ್ಥಾಪನೆಯಾದ ಸಾರ್ವಜನಿಕ ಸಂಸ್ಥೆ ಭಾರತ್ ಎಲೆಕ್ಟ್ರಾನಿಕ್ಸ್ ಲಿಮಿಟೆಡ್, ಅಂದರೆ ಬಿಇಎಲ್, ಇವುಗಳನ್ನು ತಯಾರಿಸುತ್ತದೆ.

2023ರ ಮಾರ್ಚ್ 23ರಂದು ರಕ್ಷಣಾ ಸಚಿವಾಲಯವು ವಾಯುಪಡೆಗಾಗಿ ‘ಅರುಧ್ರ’ ರಾಡಾರ್‌ಗಳನ್ನು ಪೂರೈಸಲು ಬಿಇಎಲ್‌ನೊಂದಿಗೆ 2,800 ಕೋಟಿ ರೂಪಾಯಿಗೂ ಮೀರಿದ ಒಪ್ಪಂದ ಮಾಡಿಕೊಂಡಿತು. 2025ರ ಮಾರ್ಚ್‌ನಲ್ಲಿ ‘ಅಶ್ವಿನಿ’ ರಾಡಾರ್‌ಗಳಿಗಾಗಿ ಅದೇ ಸಂಸ್ಥೆಯೊಂದಿಗೆ 2,906 ಕೋಟಿಯ ಇನ್ನೊಂದು ಒಪ್ಪಂದವಾಯಿತು. 2025-26ರ ಕೇಂದ್ರ ಬಜೆಟ್ ರಕ್ಷಣೆಗೆಂದು ಮೀಸಲಿಟ್ಟ ಒಟ್ಟು ಮೊತ್ತ ಸುಮಾರು 6.81 ಲಕ್ಷ ಕೋಟಿ ರೂಪಾಯಿ. ದೇಶದ ಜನಸಂಖ್ಯೆಗೆ ಹಂಚಿ ನೋಡಿದರೆ ಐದು ಮಂದಿಯ ಕುಟುಂಬವೊಂದರ ಪಾಲಿಗೆ ವರ್ಷಕ್ಕೆ ಇಪ್ಪತ್ತಮೂರು ಸಾವಿರ ರೂಪಾಯಿಗೂ ಹೆಚ್ಚು ಬೀಳುತ್ತದೆ. ತಾನು ಆದಾಯ ತೆರಿಗೆ ಕಟ್ಟುವುದಿಲ್ಲವಾದ್ದರಿಂದ ಈ ಲೆಕ್ಕ ತನಗೆ ಸೇರಿದ್ದಲ್ಲ ಎಂದು ಯಾರೂ ಭಾವಿಸಬೇಕಾಗಿಲ್ಲ. ಹೊಲದಲ್ಲಿ ಹತ್ತಿ ಬಿಡಿಸುವ ಹೆಣ್ಣುಮಗಳು ಕೊಳ್ಳುವ ಬಟ್ಟೆಯಲ್ಲಿ, ಬೆಂಗಳೂರಿಗೆ ಗುಳೆ ಹೋದ ಕಟ್ಟಡ ಕಾರ್ಮಿಕನ ಮೊಬೈಲ್ ರೀಚಾರ್ಜಿನಲ್ಲಿ, ಡೀಸೆಲ್ ಸುಟ್ಟು ಪೇಟೆಗೆ ಬರುವ ತೊಗರಿಯಲ್ಲಿ ತೆರಿಗೆ ಇದ್ದೇ ಇದೆ. ಹಣ ನಮ್ಮದಾದ ಮೇಲೆ ಅದು ಹೇಗೆ ಖರ್ಚಾಯಿತೆಂದು ಕೇಳುವ ಹಕ್ಕೂ ನಮ್ಮದೇ. ಹೀಗಿದ್ದೂ ರಕ್ಷಣಾ ಖರೀದಿಯ ವಿಷಯ ಬಂದಾಗ ನಾವು ಬಾಯಿಗೆ ಬೀಗ ಹಾಕಿಕೊಳ್ಳುತ್ತೇವೆ. ಇದೇಕೆ?

ರಕ್ಷಣೆ ಬೇಡ ಎಂಬುದು ನಮ್ಮ ವಾದವಲ್ಲ. ದೇಶದ ಗಡಿ, ಅದರ ಆಕಾಶ, ಅದರೊಳಗಿನ ಮನುಷ್ಯರ ಪ್ರಾಣ ಕಾಪಾಡಲ್ಪಡಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಸಾಧ್ಯವಾದಷ್ಟು ಶಕ್ತಿಯನ್ನು ಸಜ್ಜುಗೊಳಿಸಿರಿ ಎಂಬುದು ಪವಿತ್ರ ಕುರ್‌ಆನ್‌ನ (8:60) ಬೋಧನೆ. ಕ್ರಿ.ಶ. 627ರಲ್ಲಿ ಮದೀನಾದ ಮೇಲೆ ಶತ್ರುಗಳ ಕೂಟ ಏರಿಬಂದಾಗ ಕಂದಕ ತೋಡುವ ಸಲಹೆ ಕೊಟ್ಟವರು ಪರ್ಶಿಯಾದಿಂದ ಬಂದಿದ್ದ ಸಲ್ಮಾನ್(ರ). ಅರಬರಿಗೆ ಗೊತ್ತಿಲ್ಲದ ಆ ತಂತ್ರವನ್ನು ಪ್ರವಾದಿ ಮುಹಮ್ಮದ್(ಸ) ಹಿಂಜರಿಯದೆ ಒಪ್ಪಿಕೊಂಡರು. ಪರದೇಶದ ತಂತ್ರವೆಂಬ ಕಾರಣಕ್ಕೆ ಅದನ್ನು ತಳ್ಳಿಹಾಕಲಿಲ್ಲ. ಆದರೆ ಆ ಘಟನೆಯಲ್ಲಿ ಇನ್ನೊಂದು ಪಾಠವೂ ಇದೆ. ಕಂದಕ ತೋಡುವವರ ಸಾಲಿನಲ್ಲಿ ಸ್ವತಃ ಪ್ರವಾದಿಯವರೇ(ಸ) ಇದ್ದರು. ಜನರು ಹಸಿದಿದ್ದಾಗ ಅವರೂ ಹಸಿದಿದ್ದರು. ರಕ್ಷಣೆಯ ಹೊರೆ ಒಬ್ಬರ ಹೆಗಲಿಗೆ, ಅದರ ಲಾಭ ಇನ್ನೊಬ್ಬರ ಜೇಬಿಗೆ ಎಂಬ ಏರ್ಪಾಡು ಅಲ್ಲಿರಲಿಲ್ಲ.

ಈ ಕಾವಲು ಎಷ್ಟು ಅಗತ್ಯ ಎಂಬುದನ್ನು ಮೊದಲು ಅರಿಯಬೇಕು. ರಾಡಾರ್ ರೇಡಿಯೋ ಅಲೆಗಳನ್ನು ಬಿಟ್ಟು, ಅವು ವಿಮಾನಕ್ಕೆ ತಗಲಿ ಮರಳಿ ಬರುವ ಪ್ರತಿಧ್ವನಿಯನ್ನು ಹಿಡಿದು, ಅದರ ದೂರ, ದಿಕ್ಕು ಮತ್ತು ವೇಗವನ್ನು ಲೆಕ್ಕ ಹಾಕುತ್ತದೆ. ಅಲೆಗಳು ಹೆಚ್ಚುಕಡಿಮೆ ನೇರವಾಗಿ ಸಾಗುತ್ತವೆ, ಭೂಮಿಯೋ ದುಂಡಗಿದೆ. ಆದ್ದರಿಂದ ನೂರು ಮೀಟರ್ ಎತ್ತರದಲ್ಲಿ ಹಾರಿಬರುವ ವಿಮಾನವು ನೆಲದ ಮೇಲಿನ ರಾಡಾರಿಗೆ ಸುಮಾರು ಐವತ್ತು ಕಿಲೋಮೀಟರ್ ಸಮೀಪಕ್ಕೆ ಬರುವವರೆಗೆ ಕಾಣಿಸುವುದೇ ಇಲ್ಲ. ಗಂಟೆಗೆ 900 ಕಿಲೋಮೀಟರ್ ವೇಗದ ಯುದ್ಧವಿಮಾನಕ್ಕೆ ಅದು ಮೂರೂವರೆ ನಿಮಿಷದೊಳಗಿನ ದಾರಿ. ಅಷ್ಟರಲ್ಲಿ ಅದನ್ನು ಗುರುತಿಸಬೇಕು, ನಮ್ಮದೋ ಪರಕೀಯದೋ ಎಂದು ತೀರ್ಮಾನಿಸಬೇಕು, ತಡೆಯಬೇಕು. ಒಂದು ರಾಡಾರಿನ ಕಣ್ಣಿಗೂ ಪಕ್ಕದ ರಾಡಾರಿನ ಕಣ್ಣಿಗೂ ನಡುವೆ ಕತ್ತಲೆ ಉಳಿದರೆ ಶತ್ರು ಆ ಕತ್ತಲೆಯಲ್ಲೇ ನುಸುಳುತ್ತಾನೆ.

ಇದು ಬರಿಯ ಊಹೆಯಲ್ಲ. 1995ರ ಡಿಸೆಂಬರ್ 17ರ ರಾತ್ರಿ ವಿದೇಶಿ ವಿಮಾನವೊಂದು ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ ನೂರಾರು ಎಕೆ-47 ಬಂದೂಕುಗಳನ್ನೂ ಮದ್ದುಗುಂಡುಗಳನ್ನೂ ಪ್ಯಾರಾಚೂಟಿನಲ್ಲಿ ಇಳಿಸಿ ಹೋಯಿತು. ಅದನ್ನು ಯಾರೂ ತಡೆಯಲಿಲ್ಲ. ಕೆಲವು ದಿನಗಳ ಬಳಿಕ ಅದೇ ವಿಮಾನ ಮತ್ತೆ ಭಾರತದ ಆಕಾಶಕ್ಕೆ ಬಂದಾಗಲಷ್ಟೇ ಅದನ್ನು ಮುಂಬೈಯಲ್ಲಿ ಇಳಿಸಲಾಯಿತು. ಆದ್ದರಿಂದ ರಾಡಾರ್ ಕೊಳ್ಳುವುದು ತಪ್ಪಲ್ಲ. ಕೊಳ್ಳುವ ಹೆಸರಿನಲ್ಲಿ ನಡೆಯುವುದೇನು ಎಂಬುದೇ ಪ್ರಶ್ನೆ.

ಇದರ ಸರಪಳಿಯನ್ನು ಗಮನಿಸಿರಿ. 1983ರಲ್ಲಿ ಡಾ. ಎ.ಪಿ.ಜೆ. ಅಬ್ದುಲ್ ಕಲಾಮ್ ಅವರ ನೇತೃತ್ವದಲ್ಲಿ ಸಮಗ್ರ ಕ್ಷಿಪಣಿ ಅಭಿವೃದ್ಧಿ ಯೋಜನೆ ಆರಂಭವಾಯಿತು. ಆಕಾಶದಿಂದ ಬರುವ ದಾಳಿಯನ್ನು ತಡೆಯಲು ಅದರಲ್ಲಿ ಎರಡು ಕ್ಷಿಪಣಿಗಳಿದ್ದವು: ಕಡಿಮೆ ದೂರಕ್ಕೆ ತ್ರಿಶೂಲ್, ಹೆಚ್ಚು ದೂರಕ್ಕೆ ಆಕಾಶ್. ಆಕಾಶ್‌ಗೆ ಗುರಿ ತೋರಿಸುವ ‘ರಾಜೇಂದ್ರ’ ರಾಡಾರ್ ಬೆಂಗಳೂರಿನಲ್ಲೇ ರೂಪುಗೊಂಡಿತು. ತ್ರಿಶೂಲ್ ವರ್ಷಗಟ್ಟಲೆ ಎಳೆದಾಡಿ, ಕೊನೆಗೆ 2008ರಲ್ಲಿ ಕೈಬಿಡಲ್ಪಟ್ಟಿತು. ಆಕಾಶ್ ಪೂರ್ಣ ಪ್ರಮಾಣದಲ್ಲಿ ಪಡೆಗಳನ್ನು ಸೇರುವಾಗ 2015 ಆಗಿತ್ತು. ಮೂರು ದಶಕಗಳು! ಸ್ವದೇಶಿ ಕೆಲಸ ತಡವಾದಾಗ ಪಡೆಗಳು ತುರ್ತು ಎನ್ನುತ್ತವೆ. ತುರ್ತು ಎಂದೊಡನೆ ಆಮದಿನ ಬಾಗಿಲು ತೆರೆಯುತ್ತದೆ. ಆ ಬಾಗಿಲಲ್ಲಿ ದಲ್ಲಾಳಿ ಮೊದಲೇ ಬಂದು ನಿಂತಿರುತ್ತಾನೆ. ತಡ, ತುರ್ತು, ದಲ್ಲಾಳಿ: ನಮ್ಮ ರಕ್ಷಣಾ ಖರೀದಿಯ ಚರಿತ್ರೆಯನ್ನು ಈ ಮೂರು ಪದಗಳಲ್ಲಿ ಬರೆಯಬಹುದು.

ತ್ರಿಶೂಲ್ ಸಿದ್ಧವಾಗದಿದ್ದಾಗ 2000ದ ಅಕ್ಟೋಬರ್‌ನಲ್ಲಿ ನೌಕಾಪಡೆಗಾಗಿ ಇಸ್ರೇಲಿನಿಂದ ಬರಾಕ್ ಕ್ಷಿಪಣಿ ವ್ಯವಸ್ಥೆಯನ್ನು ಕೊಳ್ಳುವ ಒಪ್ಪಂದವಾಯಿತು. 2006ರ ಅಕ್ಟೋಬರ್‌ನಲ್ಲಿ ಸಿಬಿಐ ಈ ಖರೀದಿಯ ಬಗ್ಗೆ ಪ್ರಕರಣ ದಾಖಲಿಸಿತು. ಮಾಜಿ ರಕ್ಷಣಾ ಸಚಿವರು, ಮಾಜಿ ನೌಕಾಪಡೆ ಮುಖ್ಯಸ್ಥರು, ಆಯುಧ ವ್ಯಾಪಾರಿ ಎಲ್ಲರ ಹೆಸರೂ ಅದರಲ್ಲಿದ್ದವು. ಏಳು ವರ್ಷಗಳ ಬಳಿಕ, 2013ರ ಡಿಸೆಂಬರ್‌ನಲ್ಲಿ, ಸಾಕ್ಷ್ಯ ಸಾಲದೆಂದು ಸಿಬಿಐ ಪ್ರಕರಣವನ್ನು ಮುಕ್ತಾಯಗೊಳಿಸಿತು. ಅವರು ನಿರಪರಾಧಿಗಳಾಗಿದ್ದರೆ ಏಳು ವರ್ಷ ಕಳಂಕ ಹೊತ್ತು ತಿರುಗಬೇಕಾಗಿ ಬಂದದ್ದು ಅನ್ಯಾಯ. ಅಪರಾಧ ನಡೆದಿದ್ದರೆ ತಪ್ಪಿತಸ್ಥರು ಅದನ್ನು ದಕ್ಕಿಸಿಕೊಂಡರು. ಎರಡರಲ್ಲಿ ಯಾವುದೇ ಇರಲಿ, ಹಣ ತೆತ್ತ ಜನರಿಗೆ ಉತ್ತರ ದೊರೆಯಲಿಲ್ಲ.

ಈ ರೋಗಕ್ಕೆ ಪಕ್ಷಭೇದವಿಲ್ಲ. 1986ರ ಮಾರ್ಚ್‌ನಲ್ಲಿ ಕಾಂಗ್ರೆಸ್ ಸರಕಾರ 400 ಬೊಫೋರ್ಸ್ ಫಿರಂಗಿಗಳಿಗೆ ಒಪ್ಪಂದ ಮಾಡಿಕೊಂಡಿತು. ಮರುವರ್ಷ ಸ್ವೀಡನ್ನಿನ ರೇಡಿಯೋ ಲಂಚದ ಸುದ್ದಿಯನ್ನು ಹೊರಗೆಡಹಿತು. 2001ರ ಮಾರ್ಚ್‌ನಲ್ಲಿ ತೆಹಲ್ಕಾದ ಪತ್ರಕರ್ತರು ಇಲ್ಲದ ಕಂಪೆನಿಯೊಂದನ್ನು ಸೃಷ್ಟಿಸಿಕೊಂಡು, ಸೇನೆಗೆ ಇಲ್ಲದ ಉಪಕರಣವೊಂದನ್ನು ಮಾರಲು ಹೊರಟರು. ಆಗ ಬಿಜೆಪಿಯ ರಾಷ್ಟ್ರಾಧ್ಯಕ್ಷರಾಗಿದ್ದ ಬಂಗಾರು ಲಕ್ಷ್ಮಣ್ ಒಂದು ಲಕ್ಷ ರೂಪಾಯಿ ಪಡೆಯುವುದನ್ನು ದೇಶವೇ ನೋಡಿತು. 2012ರಲ್ಲಿ ನ್ಯಾಯಾಲಯ ಅವರಿಗೆ ನಾಲ್ಕು ವರ್ಷಗಳ ಶಿಕ್ಷೆ ವಿಧಿಸಿತು. ಆರ್ಡ್‌ನೆನ್ಸ್ ಫ್ಯಾಕ್ಟರಿ ಮಂಡಳಿಯ ಲಂಚ ಪ್ರಕರಣದ ಹಿನ್ನೆಲೆಯಲ್ಲಿ 2012ರ ಮಾರ್ಚ್‌ನಲ್ಲಿ ರಕ್ಷಣಾ ಸಚಿವಾಲಯ ಆರು ಕಂಪೆನಿಗಳನ್ನು ಹತ್ತು ವರ್ಷಗಳಿಗೆ ನಿಷೇಧಿಸಿತು. ಅವುಗಳಲ್ಲಿ ವಾಯುರಕ್ಷಣೆಯ ಫಿರಂಗಿಗಳನ್ನು ತಯಾರಿಸುವ ಸ್ವಿಟ್ಜರ್ಲೆಂಡಿನ ರೈನ್‌ಮೆಟಲ್ ಏರ್ ಡಿಫೆನ್ಸ್ ಮತ್ತು ಇಸ್ರೇಲ್ ಮಿಲಿಟರಿ ಇಂಡಸ್ಟ್ರೀಸ್ ಕೂಡ ಇದ್ದವು. ಕಂಪೆನಿಯನ್ನು ಕಪ್ಪುಪಟ್ಟಿಗೆ ಸೇರಿಸಿದರೆ ಅದರೊಂದಿಗಿನ ವ್ಯವಹಾರ ನಿಲ್ಲುತ್ತದೆ, ಹೊಸ ಟೆಂಡರು ಕರೆಯಬೇಕಾಗುತ್ತದೆ, ಹೊಸ ಪರೀಕ್ಷೆ ನಡೆಯಬೇಕಾಗುತ್ತದೆ. ಲಂಚ ಯಾರು ತಿಂದರೂ ಅದರ ದಂಡವನ್ನು ತೆರುವವನು ಹಳೆಯ ಆಯುಧ ಹಿಡಿದು ಗಡಿಯಲ್ಲಿ ನಿಂತ ಸೈನಿಕ.

ಇಂತಹ ಹಣಕ್ಕೆ ದೊಡ್ಡವರ ಭಾಷೆಯಲ್ಲಿ ಒಳ್ಳೆಯ ಹೆಸರುಗಳಿವೆ: ಕಮಿಷನ್, ಸಲಹಾ ಶುಲ್ಕ, ಉಡುಗೊರೆ. ಪ್ರವಾದಿಯವರ(ಸ) ಕಾಲದಲ್ಲಿ ಝಕಾತ್ ಸಂಗ್ರಹಕ್ಕೆ ಹೋಗಿ ಬಂದ ಅಧಿಕಾರಿಯೊಬ್ಬ, ಇಷ್ಟು ಸರಕಾರಕ್ಕೆ, ಇಷ್ಟು ನನಗೆ ಬಂದ ಉಡುಗೊರೆ ಎಂದು ಸೊತ್ತನ್ನು ಎರಡು ಭಾಗ ಮಾಡಿದ. ಪ್ರವಾದಿಯವರು(ಸ) ಪ್ರವಚನ ಪೀಠವೇರಿ ಜನರೆದುರೇ ಕೇಳಿದರು: ಈತ ತನ್ನ ತಂದೆತಾಯಿಯ ಮನೆಯಲ್ಲಿ ಕುಳಿತಿದ್ದರೆ ಆ ಉಡುಗೊರೆ ಹುಡುಕಿಕೊಂಡು ಬರುತ್ತಿತ್ತೇ? ಹದಿನಾಲ್ಕು ಶತಮಾನಗಳ ಹಿಂದಿನ ಈ ಪ್ರಶ್ನೆ ಇಂದಿನ ಪ್ರತಿಯೊಂದು ರಕ್ಷಣಾ ಒಪ್ಪಂದಕ್ಕೂ ಒಪ್ಪುತ್ತದೆ. ಅಷ್ಟೇ ಅಲ್ಲ, ಲೆಕ್ಕ ಕೇಳುವ ಕೆಲಸ ಮುಚ್ಚಿದ ಕೋಣೆಯಲ್ಲಿ ನಡೆಯಲಿಲ್ಲ, ಎಲ್ಲರೆದುರು ನಡೆಯಿತು ಎಂಬುದನ್ನೂ ಮರೆಯಬಾರದು.

ನಮ್ಮ ಸೀಮೆಯ ಜನರಿಗೆ ಕೋಟೆಗಳ ಬಗ್ಗೆ ಹೇಳಿಕೊಡಬೇಕಾಗಿಲ್ಲ. ಯಾದಗಿರಿಯ ಬೆಟ್ಟದ ಮೇಲೆ ಕೋಟೆ, ಶಹಾಪುರದ ಬೆಟ್ಟದ ಮೇಲೆ ಕೋಟೆ. ಸುರಪುರದ ಸಮೀಪದ ವಾಗಣಗೇರಾ ಕೋಟೆಯನ್ನು ಹಿಡಿಯಲು 1705ರಲ್ಲಿ ಮುದಿ ಔರಂಗಜೇಬನೇ ಸೈನ್ಯದೊಂದಿಗೆ ಬರಬೇಕಾಯಿತು. ಬೆಟ್ಟದ ತುದಿಯ ಬುರುಜಿನಲ್ಲಿ ನಿಂತು ದಿಗಂತದ ಧೂಳನ್ನು ನೋಡುತ್ತಿದ್ದ ಕಾವಲುಗಾರನೇ ಅಂದಿನ ರಾಡಾರ್. ಆದರೆ ಕೋಟೆಗಳು ಬಿದ್ದದ್ದು ಯಾವಾಗಲೂ ಫಿರಂಗಿಯಿಂದಲ್ಲ. 1687ರಲ್ಲಿ ಅದೇ ಔರಂಗಜೇಬನು ಗೋಲ್ಕೊಂಡವನ್ನು ಎಂಟು ತಿಂಗಳು ಮುತ್ತಿದರೂ ಗೋಡೆ ಕುಸಿಯಲಿಲ್ಲ. ಕೊನೆಗೆ ಒಳಗಿದ್ದ ಅಬ್ದುಲ್ಲಾ ಖಾನ್ ಪನ್ನಿ ಎಂಬ ಸರದಾರ ಲಂಚ ಪಡೆದು ರಾತ್ರೋರಾತ್ರಿ ಬಾಗಿಲು ತೆರೆಸಿದ. ಅದೇ ಕೋಟೆಯಲ್ಲಿ ಅಬ್ದುರ್ರಝಾಕ್ ಲಾರಿ ಎಂಬ ಇನ್ನೊಬ್ಬ ಸರದಾರನಿದ್ದ. ಮೊಗಲರ ಆಮಿಷವನ್ನು ತಿರಸ್ಕರಿಸಿ, ಮೈತುಂಬ ಗಾಯವಾಗುವವರೆಗೆ ಕಾದಾಡಿದ. ಇಬ್ಬರ ಧರ್ಮವೂ ಒಂದೇ, ಮುತ್ತಿದವನ ಧರ್ಮವೂ ಅದೇ. ನಿಷ್ಠೆಯನ್ನು ಹೆಸರಿನಿಂದ ಅಳೆಯುವವರೂ, ಲಂಚವನ್ನು ಕ್ಷುಲ್ಲಕವೆಂದು ಬಗೆಯುವವರೂ ಈ ಚರಿತ್ರೆಯನ್ನು ಓದಬೇಕು. ಗೋಡೆಗೆ ಎಷ್ಟು ಸಾವಿರ ಕೋಟಿ ಸುರಿದರೂ ಬಾಗಿಲು ಮಾರುವವನು ಒಳಗಿದ್ದರೆ ಅದು ವ್ಯರ್ಥ.

ಇಷ್ಟಾದರೂ ಪ್ರಶ್ನೆ ಕೇಳಿದೊಡನೆ ಬರುವ ಉತ್ತರ ಒಂದೇ: ಇದು ದೇಶದ ಭದ್ರತೆಯ ಗುಟ್ಟು. ಈ ಉತ್ತರದಲ್ಲಿ ಅರ್ಧ ಸತ್ಯವಿದೆ. ಅದು ಅರ್ಧ ಸತ್ಯವಾದುದರಿಂದಲೇ ಅಪಾಯಕಾರಿ. ರಾಡಾರನ್ನು ಎಲ್ಲಿ ನಿಲ್ಲಿಸಲಾಗಿದೆ, ಅದು ಯಾವ ತರಂಗಾಂತರದಲ್ಲಿ ಕೆಲಸ ಮಾಡುತ್ತದೆ, ಅದರ ಕಣ್ಣಿಗೆ ಬೀಳದ ಜಾಗ ಯಾವುದು, ಇವು ಗುಟ್ಟಾಗಿಯೇ ಇರಬೇಕು. ಅವುಗಳನ್ನು ಯಾರೂ ಕೇಳುತ್ತಿಲ್ಲ. ಅದಕ್ಕೆ ಎಷ್ಟು ಕೊಟ್ಟಿರಿ, ಎಷ್ಟು ಮಂದಿ ಪೈಪೋಟಿಯಲ್ಲಿದ್ದರು, ಯಾವ ದಿನಕ್ಕೆ ಬರಬೇಕಿತ್ತು, ಯಾವ ದಿನ ಬಂತು, ತಡವಾದುದಕ್ಕೆ ದಂಡ ವಸೂಲಾಯಿತೇ, ನಡುವೆ ಹಣ ಪಡೆದವರು ಯಾರು? ಈ ಪ್ರಶ್ನೆಗಳ ಉತ್ತರದಿಂದ ಶತ್ರುವಿಗೆ ಯಾವ ಲಾಭವೂ ಇಲ್ಲ. ನಷ್ಟವಾಗುವುದು ಕಳ್ಳನಿಗೆ ಮಾತ್ರ. ಮೊದಲನೆಯದನ್ನು ಮುಂದೊಡ್ಡಿ ಎರಡನೆಯದನ್ನು ಮುಚ್ಚುವುದೇ ಇಲ್ಲಿ ನಡೆಯುತ್ತಿರುವ ಮೋಸ.

ಲೆಕ್ಕ ಕೇಳಿದರೆ ಪಡೆಗಳ ಸ್ಥೈರ್ಯ ಕುಗ್ಗುತ್ತದೆ ಎಂಬ ವಾದವೂ ನಿಲ್ಲುವುದಿಲ್ಲ. 2017ರ ಜುಲೈಯಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ, ಅಂದರೆ ಸಿಎಜಿಯ, ವರದಿಯನ್ನು ನೋಡಿರಿ. ಬಿಇಎಲ್ ಪೂರೈಸಿದ ಆಕಾಶ್ ಕ್ಷಿಪಣಿಗಳಲ್ಲಿ 20ನ್ನು 2014ರ ಏಪ್ರಿಲ್‌ನಿಂದ ನವೆಂಬರ್‌ವರೆಗೆ ಪರೀಕ್ಷಿಸಿದಾಗ 6 ವಿಫಲವಾಗಿದ್ದವು. ಅಂದರೆ ನೂರಕ್ಕೆ ಮೂವತ್ತು. 3,600 ಕೋಟಿ ರೂಪಾಯಿಗೂ ಹೆಚ್ಚು ಹಣ ಪಾವತಿಯಾಗಿದ್ದರೂ ನಿಗದಿಪಡಿಸಿದ ಆರು ನೆಲೆಗಳಲ್ಲಿ ಒಂದರಲ್ಲೂ ಅವು ಸ್ಥಾಪನೆಯಾಗಿರಲಿಲ್ಲ. ಇದನ್ನು ಬರೆದವರು ದೇಶದ್ರೋಹಿಗಳೇ? 2025ರ ಮೇ ತಿಂಗಳ ಸಂಘರ್ಷದಲ್ಲಿ ಆಕಾಶ್ ಚೆನ್ನಾಗಿ ಕೆಲಸ ಮಾಡಿತೆಂದು ಸರಕಾರ ಹೆಮ್ಮೆಯಿಂದ ಹೇಳಿತು. ದೋಷವನ್ನು ಎತ್ತಿ ತೋರಿಸಿದವರು ಇಲ್ಲದಿದ್ದರೆ ತಿದ್ದುವವರಾದರೂ ಎಲ್ಲಿಂದ ಬರಬೇಕು? ಸ್ವದೇಶಿ ಎಂಬ ಹಣೆಪಟ್ಟಿಯೂ ಲೆಕ್ಕದಿಂದ ವಿನಾಯಿತಿ ನೀಡುವುದಿಲ್ಲ. ಬೆಂಗಳೂರಿನ ಸಾರ್ವಜನಿಕ ಸಂಸ್ಥೆಯಾಗಲಿ, ಪರದೇಶದ ಖಾಸಗಿ ಕಂಪೆನಿಯಾಗಲಿ, ಹಣ ಪಡೆದವರು ಉತ್ತರ ಕೊಡಲೇಬೇಕು.

ಉತ್ತರ ಕೊಡದಿರುವ ಚಾಳಿ ಎಲ್ಲಿಗೆ ತಲಪಿದೆ ಎಂಬುದಕ್ಕೆ ರಫೇಲ್ ವಿಮಾನ ಖರೀದಿ ಸಾಕ್ಷಿ. ಅದು ರಾಡಾರ್ ಅಲ್ಲ, ಯುದ್ಧವಿಮಾನ. ಆದರೆ ಮರೆಮಾಚುವ ರೀತಿ ಒಂದೇ. ಸಿಎಜಿಯ ವರದಿಯನ್ನು ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಪರಿಶೀಲಿಸಿದೆ ಎಂಬ ಅರ್ಥದ ಮಾತು 2018ರ ಡಿಸೆಂಬರ್ 14ರ ಸುಪ್ರೀಮ್ ಕೋರ್ಟ್ ತೀರ್ಪಿನಲ್ಲಿ ಸೇರಿಕೊಂಡಿತು. ಆಗ ಆ ಸಮಿತಿಯ ಅಧ್ಯಕ್ಷರಾಗಿದ್ದವರು ನಮ್ಮದೇ ಜಿಲ್ಲೆಯ ಗುರುಮಠಕಲ್‌ನಿಂದ ದಶಕಗಳ ಕಾಲ ವಿಧಾನಸಭೆಗೆ ಆಯ್ಕೆಯಾಗಿದ್ದ ಮಲ್ಲಿಕಾರ್ಜುನ ಖರ್ಗೆ. ಅಂತಹ ವರದಿಯನ್ನು ತಾವು ಕಂಡೇ ಇಲ್ಲವೆಂದು ಅವರು ಹೇಳಿದರು. ಸರಕಾರ ತೀರ್ಪಿನ ವಾಕ್ಯವನ್ನು ತಿದ್ದುವಂತೆ ನ್ಯಾಯಾಲಯವನ್ನು ಕೋರಬೇಕಾಯಿತು. 2019ರ ಫೆಬ್ರವರಿಯಲ್ಲಿ ವರದಿ ಸಂಸತ್ತಿಗೆ ಬಂದಾಗ ಬೆಲೆಯ ಅಂಕಿಗಳಿಗೆ ಮಸಿ ಬಳಿಯಲಾಗಿತ್ತು. ಲೆಕ್ಕ ಪರಿಶೋಧಕನ ವರದಿಯಲ್ಲಿ ಲೆಕ್ಕವೇ ಇಲ್ಲ!

ಇನ್ನು ನಮ್ಮ ಸಮುದಾಯದ ಮೌನದ ಬಗ್ಗೆ. ಬೆಲೆಯೇರಿಕೆಯ ಬಗ್ಗೆ, ಮೀಸಲಾತಿಯ ಬಗ್ಗೆ ಮಾತಾಡುವ ಮುಸ್ಲಿಮರು ರಕ್ಷಣೆಯ ವಿಷಯ ಬಂದೊಡನೆ ಪಕ್ಕಕ್ಕೆ ಸರಿಯುತ್ತಾರೆ. ಇದು ಉದಾಸೀನವಲ್ಲ, ಭಯ. ಆ ಭಯಕ್ಕೆ ಕಾರಣವೂ ಇದೆ. 2012ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಭಯೋತ್ಪಾದನೆಯ ಸಂಚಿನ ಆರೋಪದಲ್ಲಿ ಬಂಧಿಸಲ್ಪಟ್ಟವರಲ್ಲಿ ಡಿಆರ್‌ಡಿಒದ ಓರ್ವ ಯುವ ಸಂಶೋಧಕನೂ ಓರ್ವ ಪತ್ರಕರ್ತನೂ ಇದ್ದರು. ಸುಮಾರು ಆರು ತಿಂಗಳ ಸೆರೆಯ ಬಳಿಕ, ಅವರ ವಿರುದ್ಧ ಆರೋಪಪಟ್ಟಿ ಸಲ್ಲಿಸುವಷ್ಟೂ ಸಾಕ್ಷ್ಯ ಎನ್‌ಐಎಗೆ ದೊರೆಯದೆ, ಇಬ್ಬರೂ 2013ರಲ್ಲಿ ಹೊರಬಂದರು. ಬಂಧನದ ದಿನ ಪುಟಗಟ್ಟಲೆ ಬರೆದವರಲ್ಲಿ ಬಿಡುಗಡೆಯ ದಿನ ಅಷ್ಟೇ ಉತ್ಸಾಹ ತೋರಿದವರು ಎಷ್ಟು ಮಂದಿ? 2023ರ ಮೇಯಲ್ಲಿ ಪುಣೆಯ ಡಿಆರ್‌ಡಿಒ ಪ್ರಯೋಗಾಲಯವೊಂದರ ನಿರ್ದೇಶಕರೇ ಪಾಕಿಸ್ತಾನಕ್ಕೆ ಮಾಹಿತಿ ನೀಡಿದ ಆರೋಪದಲ್ಲಿ ಬಂಧಿಸಲ್ಪಟ್ಟರು. ಅವರ ಧರ್ಮದವರನ್ನೆಲ್ಲ ಯಾರೂ ಶಂಕಿಸಲಿಲ್ಲ. ಶಂಕಿಸಲೂಬಾರದು. ಅದೇ ನ್ಯಾಯ ಎಲ್ಲರಿಗೂ ಸಲ್ಲಬೇಕು ಎಂದಷ್ಟೇ ನಮ್ಮ ಬೇಡಿಕೆ.

ಆದರೆ ಭಯಪಟ್ಟು ಮೌನವಾಗಿದ್ದರೆ ಶಂಕೆ ದೂರವಾದೀತೆಂಬುದು ಭ್ರಮೆ. 2025ರ ಮೇಯಲ್ಲಿ ಸೇನೆಯ ಪರವಾಗಿ ಜಗತ್ತಿನೆದುರು ವಿವರಣೆ ನೀಡಿದವರಲ್ಲಿ ಒಬ್ಬರು ಬೆಳಗಾವಿ ಜಿಲ್ಲೆಯ ಸೊಸೆ ಕರ್ನಲ್ ಸೋಫಿಯಾ ಕುರೇಶಿ. ಕೆಲವೇ ದಿನಗಳಲ್ಲಿ ಮಧ್ಯಪ್ರದೇಶದ ಮಂತ್ರಿಯೊಬ್ಬರು ಅವರನ್ನು ಭಯೋತ್ಪಾದಕರ ಸೋದರಿಯೆಂಬ ಅರ್ಥದಲ್ಲಿ ಹೀಯಾಳಿಸಿದರು. ಮಂತ್ರಿಯ ಮೇಲೆ ಮೊಕದ್ದಮೆ ದಾಖಲಿಸಲು ಹೈಕೋರ್ಟೇ ಆದೇಶಿಸಬೇಕಾಯಿತು. ಸಮವಸ್ತ್ರ ತೊಟ್ಟ ಕರ್ನಲ್‌ಗೇ ಪ್ರಮಾಣಪತ್ರ ದೊರೆಯದಿರುವಾಗ ನಮ್ಮ ಮೌನಕ್ಕೆ ಅದು ದೊರೆಯುವುದೇ? 1948ರಲ್ಲಿ ಕಾಶ್ಮೀರದಲ್ಲಿ ಪ್ರಾಣ ಕೊಟ್ಟ ಬ್ರಿಗೇಡಿಯರ್ ಉಸ್ಮಾನ್, 1965ರಲ್ಲಿ ಟ್ಯಾಂಕುಗಳೆದುರು ನಿಂತ ಹವಾಲ್ದಾರ್ ಅಬ್ದುಲ್ ಹಮೀದ್ ಯಾರ ಪ್ರಮಾಣಪತ್ರಕ್ಕೂ ಕಾಯಲಿಲ್ಲ. ದೇಶವನ್ನು ತನ್ನದೆಂದು ಬಗೆದವನು ಅದರ ಖಜಾನೆಯ ಬಗ್ಗೆ ಪ್ರಶ್ನೆ ಕೇಳುತ್ತಾನೆ. ಬಾಡಿಗೆದಾರನಷ್ಟೇ ಮನೆಯ ಮಾಡು ಸೋರಿದರೂ ನನಗೇಕೆಂದು ಸುಮ್ಮನಿರುತ್ತಾನೆ. ನಾವು ಈ ಮನೆಯ ಬಾಡಿಗೆದಾರರೇ?

ಯಾರಿಂದ ಕೊಳ್ಳುತ್ತೇವೆ ಎಂಬುದೂ ಲೆಕ್ಕದ ಒಂದು ಭಾಗ. 2004ರಲ್ಲಿ ಇಸ್ರೇಲಿನಿಂದ ಮೂರು ಫಾಲ್ಕನ್ ಹಾರುವ ರಾಡಾರ್ ವ್ಯವಸ್ಥೆಗಳನ್ನು ಸುಮಾರು 110 ಕೋಟಿ ಡಾಲರ್‌ಗೆ ಕೊಳ್ಳಲಾಯಿತು. 2017ರ ಏಪ್ರಿಲ್‌ನಲ್ಲಿ ಇಸ್ರೇಲ್ ಏರೋಸ್ಪೇಸ್ ಇಂಡಸ್ಟ್ರೀಸ್ ಭಾರತದಿಂದ ಸುಮಾರು 200 ಕೋಟಿ ಡಾಲರ್‌ನ ವಾಯುರಕ್ಷಣಾ ವ್ಯವಹಾರ ದೊರೆಯಿತೆಂದು ಪ್ರಕಟಿಸಿತು. ಇಸ್ರೇಲ್ ರಫ್ತು ಮಾಡುವ ಆಯುಧಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಮೂರನೇ ಒಂದರಷ್ಟನ್ನು ಕೊಂಡದ್ದು ಭಾರತವೇ ಎಂದು ಸ್ವೀಡನ್ನಿನ ಸಂಶೋಧನಾ ಸಂಸ್ಥೆ ಸಿಪ್ರಿ ಹೇಳುತ್ತದೆ. ಯುದ್ಧದಲ್ಲಿ ಪರೀಕ್ಷಿಸಲ್ಪಟ್ಟದ್ದು ಎಂಬುದು ಈ ಉದ್ಯಮದ ಜಾಹೀರಾತು. ಯಾರ ಮೇಲೆ ಪರೀಕ್ಷಿಸಲ್ಪಟ್ಟಿತು? 2023ರ ಅಕ್ಟೋಬರ್‌ನಿಂದ ಗಾಝಾದಲ್ಲಿ ಹತ್ತಾರು ಸಾವಿರ ಮಂದಿ ಸತ್ತಿದ್ದಾರೆ. 1947ರಲ್ಲಿ ವಿಶ್ವಸಂಸ್ಥೆಯಲ್ಲಿ ಫೆಲೆಸ್ತೀನಿನ ವಿಭಜನೆಯ ವಿರುದ್ಧ ಮತ ಹಾಕಿದ, 1988ರಲ್ಲಿ ಫೆಲೆಸ್ತೀನ್ ರಾಷ್ಟ್ರವನ್ನು ಮಾನ್ಯ ಮಾಡಿದ ದೇಶ ನಮ್ಮದು. ಆ ದೇಶದ ಬಡವನ ತೆರಿಗೆಯೂ ಆ ಕಾರ್ಖಾನೆಗಳ ಆದಾಯದಲ್ಲಿ ಸೇರುತ್ತಿರುವಾಗ ಇದು ಕೇವಲ ಮುಸ್ಲಿಮರ ಭಾವನೆಯ ಪ್ರಶ್ನೆಯಲ್ಲ, ಭಾರತೀಯನ ಆತ್ಮಸಾಕ್ಷಿಯ ಪ್ರಶ್ನೆ. ಇದು ಯಹೂದಿಯರ ಮೇಲಿನ ದ್ವೇಷವೂ ಅಲ್ಲ. ಒಂದು ಜನಾಂಗದ ಮೇಲಿನ ಹಗೆ ನಿಮ್ಮನ್ನು ಅನ್ಯಾಯಕ್ಕೆ ದೂಡದಿರಲಿ ಎಂದು ಕುರ್‌ಆನ್ (5:8) ಎಚ್ಚರಿಸಿದೆ.

ಪರಾವಲಂಬನೆಯ ಬೆಲೆ ಹಣದಲ್ಲಿ ಮಾತ್ರ ಮುಗಿಯುವುದಿಲ್ಲ. 2018ರ ಅಕ್ಟೋಬರ್‌ನಲ್ಲಿ ರಶ್ಯಾದಿಂದ 543 ಕೋಟಿ ಡಾಲರ್‌ಗೆ ಐದು ಎಸ್-400 ಘಟಕಗಳನ್ನು ಕೊಳ್ಳಲು ಒಪ್ಪಂದವಾಯಿತು. ಉಕ್ರೇನ್ ಯುದ್ಧ ಆರಂಭವಾದುದರಿಂದ ಪೂರೈಕೆ ನಿಧಾನವಾಯಿತು. 2025ರ ಮೇಯಲ್ಲಿ ಅವುಗಳ ಅಗತ್ಯ ಬಿದ್ದಾಗ ಕೈಯಲ್ಲಿದ್ದದ್ದು ಮೂರು ಮಾತ್ರ. ಪರರ ಯುದ್ಧ ನಮ್ಮ ಕಾವಲಿನ ದಿನಾಂಕವನ್ನು ನಿರ್ಧರಿಸುತ್ತದೆ ಎಂದಾದರೆ ಮೂರು ದಶಕಗಳ ವಿಳಂಬದ ಬಗ್ಗೆ ಮನೆಯೊಳಗೇ ಕಠಿಣವಾಗಿ ಪ್ರಶ್ನಿಸುವುದೇ ನಿಜವಾದ ದೇಶಪ್ರೇಮ.

ಹಾಗಾದರೆ ನಾವು ಮಾಡಬೇಕಾದುದೇನು? ಮೊದಲು, ಕೇಳುವ ಯೋಗ್ಯತೆ ಸಂಪಾದಿಸಬೇಕು. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇಕಡಾ 51.83, ರಾಜ್ಯದಲ್ಲೇ ಅತ್ಯಂತ ಕಡಿಮೆ. ಮಹಿಳೆಯರಲ್ಲಿ ಅದು ಶೇಕಡಾ 41ರಷ್ಟು. ನಮ್ಮ ಹುಡುಗರು ಬೆಂಗಳೂರಿಗೆ ಇಟ್ಟಿಗೆ ಹೊರಲು ಹೋಗುತ್ತಾರೆ. ಅದೇ ನಗರದಲ್ಲಿ ಬಿಇಎಲ್, ಎಚ್‌ಎಎಲ್‌ಗಳೂ ಇವೆ. 371-ಜೆ ವಿಧಿಯ ಮೀಸಲಾತಿ ರಾಜ್ಯದ ಹುದ್ದೆಗಳಿಗೆ ಸಂಬಂಧಿಸಿದ್ದು, ಕೇಂದ್ರದ ಈ ಸಂಸ್ಥೆಗಳಿಗೆ ಅದು ಅನ್ವಯಿಸುವುದಿಲ್ಲ. ಅಲ್ಲಿಗೆ ದಾರಿ ಐಟಿಐ, ಡಿಪ್ಲೊಮಾ, ಎಂಜಿನಿಯರಿಂಗ್ ಮಾತ್ರ. ಮದುವೆಯ ಮಂಟಪಕ್ಕೆ ಸಾಲ ಮಾಡುವ ಮನೆಗಳು ಮಗಳ ವಿಜ್ಞಾನ ಶಿಕ್ಷಣಕ್ಕೆ ಅದರ ಅರ್ಧವನ್ನಾದರೂ ತೆಗೆದಿಡಲಿ.

ಎರಡನೆಯದಾಗಿ, ದಿಲ್ಲಿಯ ಲೆಕ್ಕ ಕೇಳುವ ನಾಲಿಗೆ ತನ್ನ ಮೊಹಲ್ಲಾದ ಲೆಕ್ಕವನ್ನೂ ಕೇಳಬೇಕು. ಮಸೀದಿಯ ಜಮಾಅತಿನ ವರ್ಷದ ಆಯವ್ಯಯ ಗೋಡೆಯ ಮೇಲೆ ತೂಗುತ್ತಿದೆಯೇ? ವಕ್ಫ್ ಅಂಗಡಿಯ ಬಾಡಿಗೆ ಎಷ್ಟು, ಅದರಲ್ಲಿ ಕುಳಿತವರು ಯಾರು? ಖಲೀಫಾ ಉಮರ್(ರ) ಅವರ ಮೈಮೇಲಿನ ಬಟ್ಟೆಯ ಲೆಕ್ಕವನ್ನು ಸಾಮಾನ್ಯನೊಬ್ಬ ಸಭೆಯ ನಡುವೆ ಕೇಳಿದನೆಂದು ಹೆಮ್ಮೆಯಿಂದ ಪ್ರವಚನ ಮಾಡುವ ನಾವು, ನಮ್ಮ ಮುತವಲ್ಲಿಯನ್ನು ಕೇಳಲು ಹೆದರಿದರೆ ಮಂತ್ರಿಯನ್ನು ಕೇಳುವ ನೈತಿಕ ಬಲ ಎಲ್ಲಿಂದ ಬರಬೇಕು?

ಮೂರನೆಯದಾಗಿ, ಇರುವ ಕಾನೂನನ್ನು ಬಳಸಬೇಕು. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕದಲ್ಲಿ, ಬಡತನ ರೇಖೆಗಿಂತ ಕೆಳಗಿನವರು ಶುಲ್ಕವಿಲ್ಲದೆ, ಕನ್ನಡದಲ್ಲೇ ಅರ್ಜಿ ಬರೆಯಬಹುದು. ಡಿಆರ್‌ಡಿಒಗೆ ಈ ಕಾಯ್ದೆಯಿಂದ ವಿನಾಯಿತಿಯಿದೆ. ಆದರೆ ಭ್ರಷ್ಟಾಚಾರ ಮತ್ತು ಮಾನವಹಕ್ಕು ಉಲ್ಲಂಘನೆಯ ಆರೋಪಗಳಿಗೆ ಸಂಬಂಧಿಸಿದ ಮಾಹಿತಿಗೆ ಆ ವಿನಾಯಿತಿ ಇಲ್ಲ. ಬಿಇಎಲ್‌ನಂತಹ ಸಾರ್ವಜನಿಕ ಸಂಸ್ಥೆಗಳು ಕಾಯ್ದೆಯ ವ್ಯಾಪ್ತಿಯಲ್ಲೇ ಇವೆ. ಯಾದಗಿರಿ, ಶಹಾಪುರ, ಸುರಪುರ ಮೂರೂ ರಾಯಚೂರು ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. ಮತ ಕೇಳಲು ಬರುವವರು ದರ್ಗಾಕ್ಕೆ ಚಾದರ ಹೊದಿಸಿ ಹೋಗುವುದನ್ನೇ ದೊಡ್ಡ ಉಪಕಾರವೆಂದು ಭಾವಿಸುವುದನ್ನು ಬಿಡೋಣ. ವಾಯುರಕ್ಷಣೆಯ ಖರೀದಿಯಲ್ಲಿ ಬೆಲೆ, ವಿಳಂಬ, ದಂಡದ ವಿವರಗಳನ್ನು ಸಂಸತ್ತಿನಲ್ಲಿ ಕೇಳಿರಿ ಎಂದು ನಮ್ಮ ಸಂಸದರಿಗೆ ಪತ್ರ ಬರೆಯೋಣ. ಆ ಪತ್ರಕ್ಕೆ ನೆರೆಮನೆಯ ಹಿಂದೂ ಸಹೋದರನ ಸಹಿಯೂ ಇರಲಿ, ಯಾಕೆಂದರೆ ಕಳುವಾದ ಹಣದಲ್ಲಿ ಅವನ ಪಾಲೂ ಇದೆ.

ವಿಶ್ವಸ್ತ ನಿಧಿಯನ್ನು ಅದರ ಹಕ್ಕುದಾರರಿಗೆ ಒಪ್ಪಿಸಿರಿ ಎಂದು ಅಲ್ಲಾಹನು ಆಜ್ಞಾಪಿಸಿದ್ದಾನೆ (4:58). ದೇಶದ ಖಜಾನೆ ಅಂತಹ ಒಂದು ಅಮಾನತ್ತು. ಅದನ್ನು ನುಂಗಿದವನು ನಾಳೆ ಅಲ್ಲಾಹನೆದುರು ಉತ್ತರ ಕೊಡಬೇಕಾದೀತು. ನುಂಗುವುದನ್ನು ಕಂಡೂ ಕೇಳದೆ ಕುಳಿತವನು ತನಗೆ ಯಾವ ಪ್ರಶ್ನೆಯೂ ಬಾರದೆಂದು ಯಾವ ಧೈರ್ಯದಿಂದ ಹೇಳಿಯಾನು?